ಮಗ್ಗದ ಮನೆಯ ಇಂಗ್ಲಿಷ್ ಪದಗಳು

(ಇಚಲಕರಂಜಿಯಲ್ಲಿ ಕನ್ನಡ ಮಾಧ್ಯಮದ ಶಿಕ್ಷಕರ ಮುಂದೆ ಮಾಡಿದ ಭಾಷಣ)



ಸ್ಕ್ರ್ಯಾಬಲ್ ಎಂಬ ಪದಜೋಡಣೆಯ ಆಟವನ್ನು ತಮ್ಮಲ್ಲಿ ಹಲವರು ಬಲ್ಲಿರಿ. ಅಮೆರಿಕದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್ 1930ರ ದಶಕದಲ್ಲಿ ಕೆಲಸವಿಲ್ಲದೆ ಕುಳಿತಾಗ ಇದನ್ನು ರೂಪಿಸಿದರು. ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ, ಅಪರೂಪದ ಅಕ್ಷರಕ್ಕೆ ಹೆಚ್ಚು ಅಂಕ ಇಟ್ಟರು. ಇಂಗ್ಲಿಷ್ ಆಟದ 100 ಬಿಲ್ಲೆಗಳಲ್ಲಿ ‘ಇ’ 12 ಇವೆ. ‘ಕ್ಯೂ’ ಒಂದೇ, ಅದಕ್ಕೆ 10 ಅಂಕ. ಆದುದರಿಂದಲೇ ನುರಿತ ಆಟಗಾರರು ನಿತ್ಯದ ಮಾತಿನಲ್ಲಿ ಬಾರದ ಪದಗಳನ್ನು ಹುಡುಕಿ ಕಂಠಪಾಠ ಮಾಡುತ್ತಾರೆ.

ಅಂಥ ಪದಗಳಿಗೂ ನಮ್ಮ ಶಾಲೆಗೂ ಏನು ಸಂಬಂಧ? ಅದನ್ನು ನನಗೆ ತೋರಿಸಿದವಳು ಆರನೆಯ ಇಯತ್ತೆಯ ಒಬ್ಬ ಹುಡುಗಿ. ಹಳೆಯ ವಹಿಗಳ ರಟ್ಟನ್ನು ಕತ್ತರಿಸಿ ಬಿಲ್ಲೆ ಮಾಡಿ ಮಕ್ಕಳಿಗೆ ಆಡಿಸುತ್ತಿದ್ದೆ. ಆಕೆ ಪಿ, ಐ, ಆರ್, ಎನ್ ಎಂದು ನಾಲ್ಕು ಬಿಲ್ಲೆ ಇಟ್ಟಳು. ಅಂಥ ಪದವಿಲ್ಲವೆಂದು ನಾನು ತೆಗೆಸಿದೆ. “ಐತ್ರಿ ಸರ್, ನಮ್ಮವ್ವ ಸುತ್ತೂ ಕಂಡಿಕಿ ಅದು. ಮಷೀನಿನ ಮ್ಯಾಲೆ ಬರದೈತ್ರಿ” ಎಂದಳು. ವರ್ಗವೆಲ್ಲ ನಕ್ಕಿತು, ನಾನೂ ನಕ್ಕೆ. ಸಂಜೆ ನಿಘಂಟು ತೆರೆದರೆ ಪದ ಅಲ್ಲಿಯೇ ಇತ್ತು: ಪಿರ್ನ್, ಲಾಳಿಯೊಳಗೆ ಕೂಡಿಸುವ, ಹೊಕ್ಕಿನ ನೂಲು ಸುತ್ತಿದ ಕಂಡಿಕೆ. ಸ್ಪರ್ಧೆಗಳ ಪದಪಟ್ಟಿಯಲ್ಲಿಯೂ ಅದಕ್ಕೆ ಸ್ಥಾನವುಂಟು. ಅಂಕ ಆರೇ ಆರು. ಆದರೆ ಮುಂದೆ ಎಷ್ಟೋ ದಿನ ಆಕೆ ಕೈ ಎತ್ತಲಿಲ್ಲ.

1904ರಲ್ಲಿ ವಿಠ್ಠಲರಾವ್ ದಾತಾರ ಅವರು ಮೊದಲ ವಿದ್ಯುತ್ ಮಗ್ಗ ಹೂಡಿದ ಊರಿದು. ಆಟಗಾರರು ಬಾಯಿಪಾಠ ಮಾಡುವ ಎಷ್ಟೋ ಪದಗಳ ವಸ್ತುಗಳನ್ನು ಇಲ್ಲಿಯ ಮಕ್ಕಳು ಕೈಯಿಂದ ಮುಟ್ಟಿ ಬಲ್ಲರು. ಹಾಸು ಎಂದರೆ ವಾರ್ಪ್, ಹೊಕ್ಕು ಎಂದರೆ ವೆಫ್ಟ್. ಹಣಿಗೆಯನ್ನು ಹೊತ್ತು ಹೊಕ್ಕನ್ನು ಬಡಿಯುವ ಚೌಕಟ್ಟು ಸ್ಲೇ. ಬಟ್ಟೆ ಕೊಯ್ದ ಮೇಲೆ ಮಗ್ಗದಲ್ಲಿ ಉಳಿಯುವ ನೂಲಿನ ತುದಿಗಳು ಥ್ರಮ್. (ಲಾಳಿಯಿಲ್ಲದ ಮಗ್ಗಗಳು ಬಂದು ಕಂಡಿಕೆಯೇ ಮರೆಯಾಗುತ್ತಿದೆ, ಈ ಪಾಠಕ್ಕೆ ತಡಮಾಡುವಂತಿಲ್ಲ.)

ನಮ್ಮ ದೇಶದಿಂದಲೇ ಹೋದ ಪದಗಳೂ ಆ ಪಟ್ಟಿಯಲ್ಲಿವೆ. ಧೋತಿಗೆ 9 ಅಂಕ, ಖಾದಿಗೆ 13. ಚರಕಾ ಪದವನ್ನು ಸಿ, ಎಚ್, ಎ, ಆರ್, ಕೆ, ಎಚ್, ಎ ಎಂದು ಬರೆದು ಏಳೂ ಬಿಲ್ಲೆಗಳನ್ನು ಒಮ್ಮೆಗೇ ಇಳಿಸಿದರೆ, 19ರ ಮೇಲೆ 50 ಹೆಚ್ಚುವರಿ ಅಂಕ. ‘ಕ್ಯೂ’ ಬಂದಲ್ಲಿ ‘ಯು’ ಬರಲೇಬೇಕೆಂದು ನಾವು ಕಲಿಸುತ್ತೇವೆ. ಫಕೀರ ಆ ನಿಯಮಕ್ಕೆ ಒಳಪಡುವುದಿಲ್ಲ. ಎಫ್, ಎ, ಕ್ಯೂ, ಐ, ಆರ್ ಎಂದೂ ಬರೆಯಬಹುದು, ‘ಕ್ಯೂ’ ಬದಲು ‘ಕೆ’ ಇಟ್ಟೂ ಬರೆಯಬಹುದು; ಎರಡೂ ಸರಿ. ಕೇಳಿದವರು ಕಿವಿಗೆ ಬಿದ್ದಂತೆ ಬರೆದುಕೊಂಡರು, ಅಷ್ಟೇ. ಕಾಗುಣಿತಕ್ಕೆ ಅಂಜುವ ಮಗುವಿಗೆ ಇದನ್ನು ತಪ್ಪದೆ ಹೇಳಿರಿ.

ಆದರೆ ಒಂದು ಅಪಾಯವುಂಟು. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಭಾಷೆಯ ಸ್ಕ್ರ್ಯಾಬಲ್ ವಿಶ್ವಸ್ಪರ್ಧೆಯನ್ನು ಗೆದ್ದರು. ಅವರಿಗೆ ಫ್ರೆಂಚ್ ಮಾತನಾಡಲು ಬರುತ್ತಿರಲಿಲ್ಲ! ಪದಪಟ್ಟಿಯನ್ನು ನೆನಪಿನಲ್ಲಿ ತುಂಬಿಕೊಂಡಿದ್ದರು. ಅವರದು ಅದ್ಭುತ ಸಾಮರ್ಥ್ಯ, ಒಪ್ಪೋಣ. ನಮ್ಮ ವರ್ಗಕ್ಕೆ ಅದು ಬೇಡ. ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸಿದರೆ ಮಕ್ಕಳ ತಲೆಗೆ ಇನ್ನೊಂದು ಹೊರೆ.

ನಾನು ಇಟ್ಟುಕೊಂಡ ನಿಯಮ ಒಂದೇ. ಬಿಲ್ಲೆ ಇಟ್ಟ ಮಗು ಪದದ ಅರ್ಥವನ್ನು ಕನ್ನಡದಲ್ಲಿ ಹೇಳಬೇಕು. ಹೇಳಿದರೆ ಅಂಕ, ಇಲ್ಲವಾದರೆ ಬಿಲ್ಲೆ ಹಿಂದಕ್ಕೆ. ಸಂಶಯ ಬಂದಾಗ ನಿಘಂಟು ತೆರೆಯುವ ಮೊದಲು ಶಿಕ್ಷಕರು ‘ಇಲ್ಲ’ ಎನ್ನಬಾರದು.

ಆ ಹುಡುಗಿಯ ಆರು ಅಂಕವನ್ನು ಮರುದಿನ ವರ್ಗದ ಎದುರಿಗೇ ಹಲಗೆಯ ಮೇಲೆ ಬರೆದೆ. ನಿಘಂಟನ್ನು ಆಕೆಯ ಕೈಗೇ ಕೊಟ್ಟು ಓದಿಸಿದೆ. ಮೆಲ್ಲಗೆ ಓದಿದಳು, ಕೊನೆಯ ಬಾಕಿನವರಿಗೆ ಕೇಳಿಸಲಿಲ್ಲವೆಂದು ಇನ್ನೊಮ್ಮೆ ಓದಿಸಿದೆ.