ನೋಡುವುದು ಕಣ್ಣೊಂದೇ ಅಲ್ಲ

(ಸಂಘದ ವಾರ್ಷಿಕ ಶೈಕ್ಷಣಿಕ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಮೊದಲು ಒಂದು ಸಣ್ಣ ಪ್ರಯೋಗ. ಬಿಳಿ ಹಾಳೆಯ ಎಡಗಡೆ ಒಂದು ಕೂಡಿಸುವ ಚಿಹ್ನೆ ಬರೆಯಿರಿ. ಅದೇ ಸಾಲಿನಲ್ಲಿ 8 ಸೆಂಟಿಮೀಟರ್ ಬಲಕ್ಕೆ ಒಂದು ಸಣ್ಣ ಕಪ್ಪು ಚುಕ್ಕೆ ಇಡಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಆ ಚಿಹ್ನೆಯನ್ನೇ ದಿಟ್ಟಿಸುತ್ತ, ಹಾಳೆಯನ್ನು ದೂರದಿಂದ ನಿಧಾನವಾಗಿ ಹತ್ತಿರ ತನ್ನಿ. ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಚುಕ್ಕೆ ಮಾಯವಾಗುತ್ತದೆ. ಕಣ್ಣಿನಿಂದ ಮೆದುಳಿಗೆ ಹೋಗುವ ನರ ಹೊರಡುವ ಜಾಗದಲ್ಲಿ ಬೆಳಕನ್ನು ಹಿಡಿಯುವ ಕೋಶಗಳಿಲ್ಲ. ಚುಕ್ಕೆಯ ಬಿಂಬ ಅಲ್ಲಿ ಬಿದ್ದಿದೆ. ಆದರೆ ಅಲ್ಲೊಂದು ತೂತು ಕಂಡಿತೆ? ಇಲ್ಲ, ಬಿಳಿ ಹಾಳೆಯೇ ಕಂಡಿತು. ಖಾಲಿ ಜಾಗವನ್ನು ನಿಮಗೆ ಹೇಳದೆಯೇ ಮೆದುಳು ತುಂಬಿಬಿಟ್ಟಿದೆ.

ಮನಶ್ಶಾಸ್ತ್ರದಲ್ಲಿ ಸಂವೇದನೆ ಬೇರೆ, ಗ್ರಹಿಕೆ ಬೇರೆ ಎನ್ನುವುದು ಇದಕ್ಕೇ. ಬೆಳಕು ಕಣ್ಣಿನ ಹಿಂಭಾಗದ ಅಕ್ಷಿಪಟಲಕ್ಕೆ ತಾಗಿ ನರದಲ್ಲಿ ಸಂಕೇತ ಹುಟ್ಟುವುದು ಸಂವೇದನೆ. 'ಇದು ನನ್ನ ತಾಯಿಯ ಮುಖ' ಎಂದು ತಿಳಿಯುವುದು ಗ್ರಹಿಕೆ. ಒಂದು ಕಣ್ಣಿನಲ್ಲಿ ಬೆಳಕು ಹಿಡಿಯುವ ಕೋಶಗಳು ಸುಮಾರು 12 ಕೋಟಿಗೂ ಹೆಚ್ಚು, ಆದರೆ ಮೆದುಳಿಗೆ ಸುದ್ದಿ ಒಯ್ಯುವ ನರತಂತುಗಳು ಹತ್ತು ಲಕ್ಷದಷ್ಟೇ. ಕಣ್ಣು ಕ್ಯಾಮರಾದಂತೆ ಎಂದು ಶಾಲೆಯಲ್ಲಿ ಕಲಿಸುತ್ತೇವೆ. ಆ ಹೋಲಿಕೆ ಅರ್ಧ ದಾರಿಗೆ ನಿಂತುಬಿಡುತ್ತದೆ ಎಂದು ನನ್ನ ಅಭಿಪ್ರಾಯ.

ಈ ಮಾತನ್ನು ಸಾವಿರ ವರ್ಷಗಳ ಹಿಂದೆಯೇ ಯೋಚಿಸಿದವರು ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನ್ ಅಲ್-ಹೈತಮ್ (ಸುಮಾರು 965-1040). ಕಣ್ಣಿನಿಂದಲೇ ಕಿರಣಗಳು ಹೊರಟು ವಸ್ತುವನ್ನು ಮುಟ್ಟುತ್ತವೆ ಎಂದು ಯೂಕ್ಲಿಡ್, ಟಾಲೆಮಿಯಂಥವರು ನಂಬಿದ್ದರು. ಸೂರ್ಯನನ್ನು ನೋಡಿದರೆ ಕಣ್ಣು ನೋಯುವುದೇಕೆ ಎಂದು ಇವರು ಕೇಳಿದರು. ಬೆಳಕು ಹೊರಗಿನಿಂದ ಕಣ್ಣಿಗೆ ಬರುತ್ತದೆ ಎಂದು 'ಕಿತಾಬ್ ಅಲ್-ಮನಾಝಿರ್' ಎಂಬ ಏಳು ಭಾಗಗಳ ಗ್ರಂಥದಲ್ಲಿ ವಾದಿಸಿದರು. ಇದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಅದೇ ಗ್ರಂಥದಲ್ಲಿರುವ ಇನ್ನೊಂದು ಮಾತನ್ನು ಅಷ್ಟಾಗಿ ಹೇಳುವುದಿಲ್ಲ. ಕಂಡದ್ದನ್ನು ಗುರುತಿಸಲು ನೆನಪು ಬೇಕು, ಹೋಲಿಸಿ ನೋಡುವ ಬುದ್ಧಿ ಬೇಕು; ಅದು ಎಷ್ಟು ಬೇಗ ನಡೆಯುತ್ತದೆಂದರೆ ನಮಗೇ ತಿಳಿಯುವುದಿಲ್ಲ ಎಂದರು ಅವರು.

ನೆನಪು ಬೇಕಾದರೆ ಕಲಿಕೆ ಬೇಕಲ್ಲವೆ? ಹಾಗಾದರೆ ಮಗು ನೋಡಲು ಕಲಿಯುವುದು ಯಾವಾಗ? ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಹುಟ್ಟಿದ ಮೊದಲ ತಿಂಗಳುಗಳಲ್ಲಿ ಮುಚ್ಚಿಟ್ಟು ಆಮೇಲೆ ತೆರೆದರು. ಕಣ್ಣು ಸರಿಯಾಗಿಯೇ ಇತ್ತು, ಆದರೆ ಅದರಿಂದ ಬಂದ ಸುದ್ದಿಗೆ ಮೆದುಳು ಓಗೊಡುತ್ತಿರಲಿಲ್ಲ. ದೊಡ್ಡ ಬೆಕ್ಕಿಗೆ ಹಾಗೆ ಮಾಡಿದರೆ ಈ ಹಾನಿ ಆಗಲಿಲ್ಲ. 1981ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ನಮ್ಮ ದೇಶದ ಮಕ್ಕಳ ಕಥೆಯೂ ಇದೆ. ಹುಟ್ಟಿನಿಂದ ಅಥವಾ ಎಳವೆಯಿಂದ ಕುರುಡರಾಗಿದ್ದ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿ ಅವರ ದೃಷ್ಟಿಯನ್ನು ಅಭ್ಯಾಸ ಮಾಡುವ 'ಪ್ರಾಜೆಕ್ಟ್ ಪ್ರಕಾಶ್' ಎಂಬ ಕಾರ್ಯವನ್ನು ವಿಜ್ಞಾನಿ ಪವನ್ ಸಿನ್ಹಾ ಕಟ್ಟಿದರು. ಎಂಟರಿಂದ ಹದಿನೇಳು ವರ್ಷದ ಐವರ ವಿಷಯ 2011ರಲ್ಲಿ ಪ್ರಕಟವಾಯಿತು. ಕೈಯಿಂದ ಮುಟ್ಟಿ ಅರಿತ ವಸ್ತುವನ್ನು, ಹೊಸದಾಗಿ ದೃಷ್ಟಿ ಬಂದ ಕಣ್ಣಿನಿಂದ ಅವರು ಕೂಡಲೇ ಗುರುತಿಸಲಾರದೆ ಹೋದರು. ಆದರೆ ಕೆಲವೇ ದಿನಗಳಲ್ಲಿ ತುಂಬ ಸುಧಾರಿಸಿದರು. ತಡವಾಯಿತೆಂದು ಕೈಬಿಡಬೇಕಾಗಿಲ್ಲ ಎನ್ನುವುದಕ್ಕೆ ಇದು ಸಾಕ್ಷಿ. ಹಾಗಿದ್ದರೂ ಇಂಥ ಮಕ್ಕಳಲ್ಲಿ ಸೂಕ್ಷ್ಮ ದೃಷ್ಟಿ ಪೂರ್ತಿ ಮರಳುವುದು ಅಪರೂಪ.

ಈಗ ಪೋಷಕರಿಗೆ ಎರಡು ಮಾತು. 'ಸೋಮಾರಿ ಕಣ್ಣು' ಎಂಬ ತೊಂದರೆಯಲ್ಲಿ ಮಗುವಿನ ಒಂದು ಕಣ್ಣು ಮೆಳ್ಳೆಯಾಗಿರುತ್ತದೆ, ಇಲ್ಲವೆ ಅದಕ್ಕೆ ಹೆಚ್ಚು ಪವರಿನ ಕನ್ನಡಕ ಬೇಕಾಗಿರುತ್ತದೆ. ಮೆದುಳು ಆ ಕಣ್ಣಿನ ಮಸುಕು ಚಿತ್ರವನ್ನು ಬದಿಗಿಟ್ಟು ಒಳ್ಳೆಯ ಕಣ್ಣನ್ನೇ ನಂಬುತ್ತದೆ. ಮಗು ಓಡುತ್ತದೆ, ಆಡುತ್ತದೆ, ದೂರುವುದಿಲ್ಲ. ಒಂದು ಕಣ್ಣಿನಿಂದ ನೋಡುತ್ತಿದ್ದೇನೆಂದು ಅದಕ್ಕೇ ಗೊತ್ತಿರುವುದಿಲ್ಲ. ಮೆಳ್ಳೆಗಣ್ಣು ಅದೃಷ್ಟದ ಗುರುತು ಎಂದು ಮನೆಯ ಹಿರಿಯರು ಹೇಳಿದರೆ ಗೌರವದಿಂದ ಕೇಳಿ, ಮರುದಿನವೇ ಮಗುವನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ಚಿಕಿತ್ಸೆ ದುಬಾರಿಯದಲ್ಲ: ಸರಿಯಾದ ಕನ್ನಡಕ, ಮತ್ತು ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ. ಏಳೆಂಟು ವರ್ಷದೊಳಗೆ ಇದು ಚೆನ್ನಾಗಿ ಫಲಿಸುತ್ತದೆ, ಆಮೇಲೆ ಫಲ ಕಡಿಮೆಯಾಗುತ್ತ ಹೋಗುತ್ತದೆ. ಹಸುಗೂಸಿನ ಕಣ್ಣಿನ ಪಾಪೆ ಬೆಳ್ಳಗೆ ಕಂಡರಂತೂ ಒಂದು ವಾರವೂ ಕಾಯಬೇಡಿ.

ಸಂಘ ಪ್ರತಿವರ್ಷ ನೋಟ್‌ಬುಕ್ಕು, ಸಮವಸ್ತ್ರ ಹಂಚುವುದು ಸಂತೋಷ. ಆ ದಿನವೇ ಒಂದನೆಯ ತರಗತಿಯ ಮಕ್ಕಳನ್ನು ಸಾಲಾಗಿ ಕೂರಿಸಿ, ಆರು ಮೀಟರ್ ದೂರದಲ್ಲಿ ಅಕ್ಷರದ ಚಾರ್ಟು ತೂಗುಹಾಕಿ, ಒಂದೊಂದೇ ಕಣ್ಣು ಮುಚ್ಚಿಸಿ ಓದಿಸೋಣ. ಅಕ್ಷರ ಬಾರದ ಮಕ್ಕಳಿಗೆ ಚಿತ್ರದ ಚಾರ್ಟು ಸಿಗುತ್ತದೆ. ಈ ಕೆಲಸಕ್ಕೆ ಕಾಲೇಜು ವಿದ್ಯಾರ್ಥಿಗಳು ಹತ್ತು ಮಂದಿ ಸಾಕು. ಹೆಸರು ಕೊಡಬಯಸುವವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳನ್ನು ಕಾಣಬಹುದು.