ಚೆಂಡನ್ನೂ ಬಿಡಬೇಡಿ, ಪುಸ್ತಕವನ್ನೂ ಬಿಡಬೇಡಿ

ಗುತ್ತಲದಿಂದ ಹಾವೇರಿಗೆ, ರಾಣೆಬೆನ್ನೂರಿಗೆ ದಿನಾ ಬಸ್ಸಿನಲ್ಲಿ ಓಡಾಡಿ ಎಂಜಿನಿಯರಿಂಗ್ ಓದುತ್ತಿರುವ ಹುಡುಗ ಹುಡುಗಿಯರೇ, ಈ ಮಾತು ನಿಮಗೆ. ನಿಮ್ಮಲ್ಲಿ ಕೆಲವರು ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನವರು, ಕೆಲವರು ರಾಣೆಬೆನ್ನೂರಿನ ತರಳಬಾಳು ಕಾಲೇಜಿನವರು. ಇನ್ನು ಕೆಲವರು ಪಿಯು ಸೈನ್ಸ್ ಮುಗಿಸಿ ಸಿಇಟಿ ದಾರಿ ಕಾಯುತ್ತಿರುವವರು. ಅದರಲ್ಲೂ ನಾನು ಹುಡುಕುತ್ತಿರುವುದು ಬ್ಯಾಗಿನಲ್ಲಿ ಡ್ರಾಫ್ಟರ್ ಜೊತೆಗೆ ಒಂದು ಜೊತೆ ಶೂ ಇಟ್ಟುಕೊಂಡು ಹೋಗುವವರನ್ನು. ಸಂಜೆ ನಾಲ್ಕೂವರೆಗೆ ಲ್ಯಾಬ್ ಮುಗಿದ ಕೂಡಲೇ ಬಾಸ್ಕೆಟ್‌ಬಾಲ್ ಅಂಕಣದ ಕಡೆಗೆ ಕಾಲು ತಾನಾಗಿ ತಿರುಗುವವರನ್ನು.

ನಿಮ್ಮ ಮನೆಯಲ್ಲಿ ಏನು ಮಾತಾಗುತ್ತದೆ ಎಂದು ನನಗೆ ಗೊತ್ತಿದೆ. "ಯಪ್ಪಾ, ಆಟಾ ಆಡಿದ್ರ ಹೊಟ್ಟಿ ತುಂಬತದೇನು? ಗೋವಿನಜ್ವಾಳ ಮಾರಿ ಫೀಸ್ ತುಂಬೇವಿ. ಮದ್ಲ ಓದಿ ಮುಗಸು, ಆಮ್ಯಾಲೆ ಆಡೀಯಂತ." ಈ ಮಾತಿನಲ್ಲಿ ಸಿಟ್ಟಿಗಿಂತ ಅಂಜಿಕೆ ಹೆಚ್ಚು. ಮಳೆ ಕೈಕೊಟ್ಟ ವರ್ಷವೂ ಸಾಲ ಮಾಡಿ ಫೀಸು ಕಟ್ಟಿದ ಅಪ್ಪನಿಗೆ, ಮಗ ಒಂದು ವಿಷಯದಲ್ಲಿ ಬ್ಯಾಕ್ ಆದ ಎಂದರೆ ಹೊಲದ ಒಂದು ಮೂಲೆ ಕೈಬಿಟ್ಟಂತೆಯೇ. ಆ ಅಂಜಿಕೆಗೆ ಗೌರವ ಕೊಡಿ. ಆದರೆ ಅದಕ್ಕೆ ಹೆದರಿ ಚೆಂಡು ಕೆಳಗಿಡಬೇಡಿ. ಆಟ ಆಡಿದರೆ ಓದು ಕೆಡುತ್ತದೆ ಎಂಬುದು ನಿಜವಲ್ಲ ಎಂದು ತೋರಿಸಿಕೊಟ್ಟವರು ನಮ್ಮ ನಾಡಿನಲ್ಲೇ ಇದ್ದಾರೆ.

ಕ್ರಿಕೆಟಿಗ ಇ.ಎ.ಎಸ್. ಪ್ರಸನ್ನ ಅವರ ಹೆಸರು ನಿಮ್ಮ ಅಜ್ಜನಿಗೆ ಗೊತ್ತಿರುತ್ತದೆ. ಮೈಸೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಂಜಿನಿಯರಿಂಗ್‌ನ ವಿದ್ಯಾರ್ಥಿ. 1962ರ ಜನವರಿಯಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಭಾರತಕ್ಕೆ ಮೊದಲ ಟೆಸ್ಟ್ ಆಡಿದರು. ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸ. ಕಿಂಗ್‌ಸ್ಟನ್‌ನಲ್ಲಿ ಇನ್ನೊಂದು ಟೆಸ್ಟ್. ಅಲ್ಲಿಂದ ಬಂದವರು ಎಂಜಿನಿಯರಿಂಗ್ ಓದಿಗೆ ಮರಳಿದರು. ಮುಂದಿನ ಟೆಸ್ಟ್ ಆಡಿದ್ದು 1967ರ ಜನವರಿಯಲ್ಲಿ. ನಡುವೆ ಐದು ವರ್ಷ! ಸ್ಪಿನ್ ಬೌಲರ್ ಒಬ್ಬ ಬೆಳೆಯುವ ವಯಸ್ಸಿನ ಐದು ವರ್ಷ. ಅವರ ಕಥೆ ಅಲ್ಲಿಗೆ ಮುಗಿಯಿತು ಎಂದು ಯಾರಾದರೂ ಅಂದುಕೊಂಡಿದ್ದರೆ ತಪ್ಪೇನಿರಲಿಲ್ಲ.

ಆದರೆ ಅವರು ಮರಳಿ ಬಂದದ್ದು ನೋಡಿ. 1967-68ರ ಆಸ್ಟ್ರೇಲಿಯಾ ಪ್ರವಾಸದ ನಾಲ್ಕು ಟೆಸ್ಟ್‌ಗಳಲ್ಲಿ 25 ವಿಕೆಟ್. ಅಲ್ಲಿಂದ ನೇರವಾಗಿ ನ್ಯೂಜಿಲೆಂಡ್, ಅಲ್ಲಿಯ ನಾಲ್ಕರಲ್ಲಿ 24. ಭಾರತ ಹೊರದೇಶದಲ್ಲಿ ಮೊಟ್ಟಮೊದಲ ಸರಣಿ ಗೆದ್ದದ್ದು ಆ ನ್ಯೂಜಿಲೆಂಡ್ ಪ್ರವಾಸದಲ್ಲಿ. ಇಪ್ಪತ್ತನೇ ಟೆಸ್ಟ್‌ಗೆ ನೂರು ವಿಕೆಟ್ ಮುಟ್ಟಿದರು, ಒಟ್ಟು 49 ಟೆಸ್ಟ್‌ಗಳಲ್ಲಿ 189. ಹದಿನೈದು ವರ್ಷ ಬಿಡದೆ ರಣಜಿ ಗೆದ್ದಿದ್ದ ಬಾಂಬೆಯ ಓಟಕ್ಕೆ ತಡೆ ಹಾಕಿ 1973-74ರಲ್ಲಿ ಕರ್ನಾಟಕಕ್ಕೆ ಮೊದಲ ಸಲ ಆ ಟ್ರೋಫಿ ತಂದ ತಂಡದ ನಾಯಕರೂ ಅವರೇ.

ಆಟ ಮತ್ತು ಓದನ್ನು ಒಟ್ಟಿಗೆ ನಡೆಸುವುದೆಂದರೆ ದಿನಕ್ಕೆ ಇಷ್ಟು ತಾಸು ಅದಕ್ಕೆ, ಇಷ್ಟು ತಾಸು ಇದಕ್ಕೆ ಎಂದು ಸಮಸಮ ಹಂಚುವುದು ಎಂಬ ತಪ್ಪು ತಿಳಿವಳಿಕೆ ನಿಮ್ಮಲ್ಲಿ ಬಹಳ ಜನಕ್ಕಿದೆ. ಹಾಗೆ ಹಂಚಲು ಹೋದವರು ಎರಡನೇ ವಾರಕ್ಕೇ ಸುಸ್ತಾಗಿ, "ನನ್ನ ಕೈಲಾಗಲ್ಲ" ಎಂದು ಒಂದನ್ನು ಬಿಟ್ಟುಬಿಡುತ್ತಾರೆ. ಬಿಡುವುದು ಯಾವಾಗಲೂ ಆಟವನ್ನೇ. ಹೊಲದ ರೀತಿ ನೋಡಿ: ನಿಮ್ಮ ಅಪ್ಪ ಒಂದೇ ಹೊಲದಲ್ಲಿ ಮುಂಗಾರಿಗೆ ಒಂದು ಬಿತ್ತುತ್ತಾರೆ, ಹಿಂಗಾರಿಗೆ ಇನ್ನೊಂದು. ಗೋವಿನಜೋಳ ನಿಂತಾಗ ಕಡಲೆ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಟೂರ್ನಮೆಂಟ್ ಇರುವ ಮೂರು ವಾರ ಚೆಂಡಿಗೆ ಕೊಡಿ, ಮನಸ್ಸಿಟ್ಟು ಕೊಡಿ. ಪರೀಕ್ಷೆಯ ತಿಂಗಳು ಅಂಕಣಕ್ಕೆ ಅರ್ಧ ಗಂಟೆ ಸಾಕು, ಮೈ ಜಡ ಹಿಡಿಯದಷ್ಟು. ಹಿಂದೆ ಸರಿಯುವುದು ಬೇರೆ, ಬಿಟ್ಟುಬಿಡುವುದು ಬೇರೆ. ಪ್ರಸನ್ನ ಐದು ವರ್ಷ ಹಿಂದೆ ಸರಿದರು. ಬಿಡಲಿಲ್ಲ.

ಅನಿಲ್ ಕುಂಬ್ಳೆ 1990ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಮೊದಲ ಟೆಸ್ಟ್ ಆಡಿದಾಗ ವಯಸ್ಸು ಹತ್ತೊಂಬತ್ತು, ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ವಿದ್ಯಾರ್ಥಿ. ಆ ಒಂದು ಟೆಸ್ಟ್ ಆದ ಮೇಲೆ ತಂಡದಿಂದ ಹೊರಗೆ. ಎರಡು ವರ್ಷದಲ್ಲಿ ಡಿಗ್ರಿಯೂ ಕೈಗೆ ಬಂತು, ತಂಡದ ಬಾಗಿಲೂ ತೆರೆಯಿತು. 1992ರ ನವೆಂಬರ್‌ನಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ 53 ರನ್‌ಗೆ 6 ವಿಕೆಟ್; ಕೊನೆಗೆ ನಿಂತದ್ದು 619 ಟೆಸ್ಟ್ ವಿಕೆಟ್‌ಗಳಲ್ಲಿ. ಜಾವಗಲ್ ಶ್ರೀನಾಥ್ ಮೈಸೂರಿನ ಎಸ್‌ಜೆಸಿಇಯವರು. ಒಂದೇ ರಾಜ್ಯದ ಮೂರು ಎಂಜಿನಿಯರಿಂಗ್ ಕಾಲೇಜುಗಳಿಂದ ದೇಶದ ಮೂವರು ದೊಡ್ಡ ಬೌಲರ್‌ಗಳು ಬಂದರು ಎಂದರೆ ಅದನ್ನು ಆಕಸ್ಮಿಕ ಎಂದು ತಳ್ಳಿಹಾಕಲು ನಾನು ಒಪ್ಪುವುದಿಲ್ಲ.

"ಅವ್ರು ಕ್ರಿಕೆಟ್‌ನವ್ರು, ಬೆಂಗಳೂರು ಮೈಸೂರಿನವ್ರು. ನಮ್ಮ ಕಥಿ ಬ್ಯಾರೆ" ಎಂದು ನೀವು ಅಂದರೆ, ಆ ಮಾತು ಸುಳ್ಳಲ್ಲ. ಬಾಸ್ಕೆಟ್‌ಬಾಲ್‌ನಲ್ಲಿ ಆ ದುಡ್ಡಿಲ್ಲ. ಭಾರತದ ತಂಡ ಒಲಿಂಪಿಕ್ಸ್ ಆಡಿದ್ದು ಒಂದೇ ಸಲ, 1980ರ ಮಾಸ್ಕೋದಲ್ಲಿ. ಪಂಜಾಬಿನ ಬಲ್ಲೋಕೆ ಎಂಬ ಸಣ್ಣ ಹಳ್ಳಿಯ ಸತ್ನಾಮ್ ಸಿಂಗ್ 2015ರಲ್ಲಿ ಅಮೆರಿಕದ ಎನ್‌ಬಿಎ ಡ್ರಾಫ್ಟ್‌ಗೆ ಆಯ್ಕೆಯಾದಾಗ ಹಾಗೆ ಆಯ್ಕೆಯಾದ ಮೊದಲ ಭಾರತೀಯ ಎನಿಸಿಕೊಂಡರು. ಅಂಥದ್ದು ದೇಶಕ್ಕೊಬ್ಬರಿಗೆ ಆಗುವ ಮಾತು. ನಿಮಗೆ ಆ ಕನಸು ಮಾರಲು ನಾನು ಬಂದಿಲ್ಲ. ನಿಮ್ಮ ಡಿಗ್ರಿ ನಿಮಗೆ ಬೇಕೇ ಬೇಕು. ಪ್ರಸನ್ನ ಆಡಿದ ಕಾಲದಲ್ಲಿ ಕ್ರಿಕೆಟ್‌ನಲ್ಲೂ ಹೊಟ್ಟೆ ತುಂಬುವಷ್ಟು ದುಡ್ಡಿರಲಿಲ್ಲ. ಅವರು ಓದಿಗೆ ಮರಳಿದ ಕಾಲ ನಿಮ್ಮ ಕಾಲಕ್ಕೇ ಹತ್ತಿರ.

ಹಾಗಾದರೆ ಆಟ ಯಾಕೆ ಬೇಕು? ಬಾಸ್ಕೆಟ್‌ಬಾಲ್ ಹುಟ್ಟಿದ್ದನ್ನೇ ನೋಡಿ. 1891ರ ಡಿಸೆಂಬರ್, ಅಮೆರಿಕದ ಸ್ಪ್ರಿಂಗ್‌ಫೀಲ್ಡ್. ಹೊರಗೆ ಹಿಮ. ಒಳಗೆ ಕೂತು ಬೇಸತ್ತು ಗಲಾಟೆ ಮಾಡುತ್ತಿದ್ದ ಹದಿನೆಂಟು ವಿದ್ಯಾರ್ಥಿಗಳು. ಒಳಾಂಗಣದಲ್ಲಿ ಆಡುವ ಹೊಸ ಆಟವೊಂದನ್ನು ಎರಡು ವಾರದಲ್ಲಿ ಕಟ್ಟಿಕೊಡಬೇಕೆಂದು ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟರಿಗೆ ಹೇಳಲಾಗಿತ್ತು. ಅವರು ಕೆಲಸ ಮಾಡಿದ ರೀತಿ ಅಪ್ಪಟ ಎಂಜಿನಿಯರಿಂಗ್. ಆಟಗಾರರಿಗೆ ಪೆಟ್ಟಾಗುವುದು ಯಾವಾಗ? ಚೆಂಡು ಹಿಡಿದು ಓಡುವವನನ್ನು ಉಳಿದವರು ಕೆಡವುವಾಗ. ಹಾಗಾದರೆ ಚೆಂಡು ಹಿಡಿದು ಓಡುವುದನ್ನೇ ತೆಗೆದುಹಾಕು. ಗೋಲು ಎದುರಿಗೆ ನಿಂತಿದ್ದರೆ ಜೋರಾಗಿ ಎಸೆದವನೇ ಗೆಲ್ಲುತ್ತಾನೆ. ಹಾಗಾದರೆ ಗೋಲನ್ನು ತಲೆಯ ಮೇಲೆ, ಬಾಯಿ ಆಕಾಶಕ್ಕೆ ಮಾಡಿ ಇಡು; ಆಗ ತೋಳಿನ ಬಲಕ್ಕಿಂತ ಕೈಯ ನಯ ಮುಖ್ಯವಾಗುತ್ತದೆ. ಜಿಮ್ನಾಸಿಯಂ ಸುತ್ತಿನ ಅಟ್ಟಕ್ಕೆ ಎರಡು ಪೀಚ್ ಹಣ್ಣಿನ ಬುಟ್ಟಿ ಹೊಡೆದರು. ಆ ಅಟ್ಟ ಹತ್ತು ಅಡಿ ಎತ್ತರ ಇತ್ತು. ಇವತ್ತಿಗೂ ರಿಂಗ್ ನೆಲದಿಂದ ಹತ್ತು ಅಡಿ, ಅಂದರೆ 3.05 ಮೀಟರ್. ಹದಿಮೂರು ನಿಯಮ ಬರೆದರು, ಒಂಬತ್ತು ಜನಕ್ಕೆ ಒಂಬತ್ತು ಜನ ಎಂದು ತಂಡ ಮಾಡಿ ಆಡಿಸಿದರು. ತೊಂದರೆ ಏನೆಂದು ಬಿಡಿಸಿ ನೋಡುವುದು, ಕಾರಣ ಹುಡುಕುವುದು, ಇರುವ ಸಾಮಾನಿನಲ್ಲೇ ಪರಿಹಾರ ಕಟ್ಟುವುದು. ನಿಮಗೆ ನಾಲ್ಕು ವರ್ಷ ಕಲಿಸಲು ಹೊರಟಿರುವುದು ಇದನ್ನೇ.

ಫ್ರೀ ಥ್ರೋ ಗೆರೆಯ ಮೇಲೆ ನಿಂತು ನೋಡಿ. ರಿಂಗಿನ ಒಳ ಅಗಲ 45 ಸೆಂಟಿಮೀಟರ್. ಹುಡುಗರು ಆಡುವ ಏಳನೇ ಸೈಜಿನ ಚೆಂಡಿನ ಅಗಲ ಸುಮಾರು 24. ಚೆಂಡು ಓರೆಯಾಗಿ ಇಳಿದಷ್ಟೂ ಅದಕ್ಕೆ ಸಿಗುವ ಜಾಗ ಕಿರಿದಾಗುತ್ತದೆ. ಮೂವತ್ತು ಡಿಗ್ರಿಯಲ್ಲಿ ಇಳಿದರೆ ಸಿಗುವುದು 45ನ್ನು ಸೈನ್ 30ರಿಂದ ಗುಣಿಸಿದಷ್ಟು: ಇಪ್ಪತ್ತೆರಡೂವರೆ. ಇಪ್ಪತ್ನಾಲ್ಕರ ಚೆಂಡು ಅಂಚಿಗೆ ಬಡಿಯದೆ ಒಳಗೆ ಹೋಗುವುದು ಸಾಧ್ಯವೇ ಇಲ್ಲ. ನಲವತ್ತೈದು ಡಿಗ್ರಿಯಲ್ಲಿ ಇಳಿದರೆ ಸುಮಾರು 32 ಸಿಗುತ್ತದೆ, ಚೆಂಡು ಆರಾಮಾಗಿ ಹೋಗುತ್ತದೆ. "ಬಾಲ್ ಮ್ಯಾಲೆ ಎತ್ತಿ ಹಾಕೋ" ಎಂದು ಪಿಡಿ ಸರ್ ಕೂಗುವುದರ ಹಿಂದೆ ಇರುವ ಗಣಿತ ಇದು. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಎಂಜಿನಿಯರುಗಳು ಕಂಪ್ಯೂಟರಿನಲ್ಲಿ ಲಕ್ಷಗಟ್ಟಲೆ ಫ್ರೀ ಥ್ರೋ ಹಾಕಿಸಿ ನೋಡಿ, 52 ಡಿಗ್ರಿಯಲ್ಲಿ ಎಸೆದು, ಚೆಂಡಿಗೆ ಸೆಕೆಂಡಿಗೆ ಮೂರು ಸುತ್ತು ಬ್ಯಾಕ್‌ಸ್ಪಿನ್ ಕೊಟ್ಟರೆ ಒಳ್ಳೆಯದು ಎಂದು ಕಂಡುಕೊಂಡರು. ಬೆಳಗಿನ ಕ್ಲಾಸಿನಲ್ಲಿ ಸಪ್ಪೆ ಎನಿಸಿದ ಸೈನು ಕೊಸೈನು ಸಂಜೆ ನಿಮ್ಮ ಮಣಿಕಟ್ಟಿನಲ್ಲೇ ಕೂತಿರುತ್ತದೆ. ಅದನ್ನು ಮೈಯಿಂದ ತಿಳಿದ ಹುಡುಗಿಗೆ ಪ್ರೊಜೆಕ್ಟೈಲ್ ಲೆಕ್ಕ ಬಾಯಿಪಾಠ ಮಾಡಬೇಕಾಗಿಲ್ಲ.

ಇನ್ನು ಕಾಲೇಜಿನೊಳಗಿನ ವ್ಯವಹಾರ. ಇಲ್ಲಿ ಎಡವುವವರೇ ಹೆಚ್ಚು. ವಿಟಿಯು ನಿಯಮದಲ್ಲಿ ಶೇಕಡಾ 85 ಹಾಜರಿ ಬೇಕು. ವಿಶ್ವವಿದ್ಯಾಲಯ ಮಟ್ಟದ ಆಟಕ್ಕೆ ಹೋದವರ ಕೊರತೆಯನ್ನು ಒಂದು ಮಿತಿಯವರೆಗೆ ಮನ್ನಿಸಲು ದಾರಿಯೂ ಇದೆ, ಆದರೆ ಕಾಗದ ಇದ್ದರೆ ಮಾತ್ರ. ಆದ್ದರಿಂದ ಟೂರ್ನಮೆಂಟ್‌ಗೆ ಹೊರಡುವ ಮೊದಲೇ ಪಿಡಿ ಸರ್ ಸಹಿ ಮಾಡಿದ ಪತ್ರ ಹಿಡಿದು ಎಚ್‌ಒಡಿ ಎದುರು ನಿಂತುಕೊಳ್ಳಿ. ಬಂದ ಮೇಲೆ ಅಲ್ಲ. ಮೊದಲೇ ಬಂದು, "ಸರ್, ಈ ತಾರೀಕು ಇಂಟರ್ನಲ್ಸ್ ಐತ್ರಿ, ನಾನು ಟೀಮ್ ಜೋಡಿ ಹೋಗ್ಬೇಕ್ರಿ, ಬ್ಯಾರೆ ದಿನಾ ಬರೀತೀನ್ರಿ" ಎಂದು ಕೇಳಿದ ವಿದ್ಯಾರ್ಥಿಗೆ ಇಲ್ಲ ಎನ್ನುವ ಮೇಷ್ಟರು ಕಡಿಮೆ. ಸೆಮಿಸ್ಟರ್ ಕೊನೆಗೆ ಅಳುತ್ತಾ ಬಂದವರಿಗೆ ಸಹಾಯ ಮಾಡಲು ಯಾರಿಗೂ ಆಗುವುದಿಲ್ಲ. ಈಗಿನ ಸ್ಕೀಮಿನಲ್ಲಿ ನೂರರಲ್ಲಿ ಐವತ್ತು ಅಂಕ ಕಾಲೇಜಿನ ಒಳಗಿನ ಮೌಲ್ಯಮಾಪನದ್ದು. ಅಂದರೆ ನಿಮ್ಮ ಅರ್ಧ ಫಲಿತಾಂಶ ಪರೀಕ್ಷೆಗಿಂತ ಮೊದಲೇ ತೀರ್ಮಾನವಾಗಿರುತ್ತದೆ. ಲ್ಯಾಬ್ ರೆಕಾರ್ಡ್ ಅದೇ ವಾರ ಬರೆದು ಮುಗಿಸಿ. ಟೀಮಿನಲ್ಲಿ ಒಂದೇ ಬ್ರಾಂಚಿನವರು ಇಬ್ಬರಿದ್ದರೆ ಪ್ರಯಾಣದ ಬಸ್ಸು ರೈಲಿನಲ್ಲಿ ಒಬ್ಬರಿಗೊಬ್ಬರು ಪಾಠ ಹೇಳಿ. ಓದಿನ ಹೊತ್ತನ್ನು ಅಂಕಣ ಕದಿಯುತ್ತದೆ ಎನ್ನುವವರು ರಾತ್ರಿ ಹನ್ನೊಂದರ ಮೇಲೆ ರೀಲ್ಸ್ ಕದಿಯುವ ಹೊತ್ತನ್ನು ಲೆಕ್ಕ ಹಾಕಿಲ್ಲ. ಆ ಹೊತ್ತು ನಿದ್ದೆಗೆ ಕೊಡಿ. ನಿದ್ದೆಗೆಟ್ಟ ಕಾಲು ಬೇಗ ಉಳುಕುತ್ತದೆ, ನಿದ್ದೆಗೆಟ್ಟ ತಲೆಗೆ ಬೆಳಗಿನ ಎಂಟು ಗಂಟೆಯ ಕ್ಲಾಸು ಇಳಿಯುವುದಿಲ್ಲ.

ಊಟಕ್ಕೂ ದುಬಾರಿ ಪುಡಿ ಡಬ್ಬಿ ಬೇಡ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು. ಅವ್ವ ಕಟ್ಟಿಕೊಟ್ಟ ಬುತ್ತಿಯನ್ನು ಕ್ಯಾಂಟೀನಿನ ಪಫ್ಸ್‌ಗೆ ಮಾರಿಕೊಳ್ಳಬೇಡಿ.

ತಂಗಿಯರಿಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು. ನಿಮ್ಮ ದಾರಿ ಅಣ್ಣಂದಿರ ದಾರಿಗಿಂತ ಕಷ್ಟದ್ದು. ಸಂಜೆ ಪ್ರಾಕ್ಟೀಸ್ ಮುಗಿಸಿ ಬಸ್ ಹಿಡಿಯುವಷ್ಟರಲ್ಲಿ ಕತ್ತಲಾಗುತ್ತದೆ. ಓಣಿಯವರು ಶಾರ್ಟ್ಸ್ ಬಗ್ಗೆ ಮಾತಾಡುತ್ತಾರೆ, ಆ ಮಾತು ಅವ್ವನ ಕಿವಿಗೆ ಬೀಳುತ್ತದೆ. ವಾದ ಮಾಡಿ ಗೆಲ್ಲಲು ಹೋಗಬೇಡಿ. ಅಪ್ಪ ಅವ್ವನನ್ನು ಒಂದು ಮ್ಯಾಚಿಗೆ ಕರೆದುಕೊಂಡು ಬನ್ನಿ. ಮಗಳು ಮೂವರ ನಡುವಿನಿಂದ ನುಗ್ಗಿ ಚೆಂಡು ಹಾಕಿ ಬರುವುದನ್ನು ಒಮ್ಮೆ ಕಣ್ಣಾರೆ ಕಂಡ ತಂದೆ ಮರುದಿನ ಬಸ್ ಸ್ಟ್ಯಾಂಡಿಗೆ ತಾನೇ ಬಂದು ಕಾಯುತ್ತಾನೆ. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್‌ನ ಬಿ ವಿಭಾಗದ ಫೈನಲ್‌ನಲ್ಲಿ ನಮ್ಮ ಹುಡುಗಿಯರು ಕಝಕಸ್ತಾನವನ್ನು 75-73ರಿಂದ ಸೋಲಿಸಿದರು. ಎರಡೇ ಪಾಯಿಂಟ್! ಆ ತಂಡದ ಅನಿತಾ ಪೌಲ್‌ದುರೈ ಅವರು ತಾಯಿಯಾದ ಮೇಲೆ ಅಂಕಣಕ್ಕೆ ಮರಳಿದವರು. ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಹಿಂದೆ ಸರಿದು ಮತ್ತೆ ಬರುವುದು ಅವರಿಂದಲೂ ಆಯಿತು.

ಪಿಯುನಲ್ಲಿ ಇರುವವರು ಆಡಿದ ಪ್ರತಿ ಟೂರ್ನಮೆಂಟಿನ ಸರ್ಟಿಫಿಕೇಟನ್ನೂ ಪ್ಲಾಸ್ಟಿಕ್ ಫೈಲಿನಲ್ಲಿ ಜೋಪಾನವಾಗಿಡಿ. ಸಿಇಟಿ ಪ್ರವೇಶದಲ್ಲಿ ಕ್ರೀಡಾ ಕೋಟಾ ಇದೆ, ಅದಕ್ಕೆ ದಾಖಲೆಯೇ ಆಧಾರ. ರೈಲ್ವೆಯಂಥ ಕಡೆ ಆಟಗಾರರಿಗೆ ಕೆಲಸ ಇದೆ. ಆದರೆ ಅದು ಎರಡನೇ ಮಾತು.

ಮೊದಲನೆಯದು ಊರಿನ ಮಕ್ಕಳಿಗಾಗಿ ಅಂಕಣ ಕಟ್ಟುವುದು. ಗುತ್ತಲದಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ ನಿಮ್ಮ ತಮ್ಮ ತಂಗಿಯರು ಕಬಡ್ಡಿ ಕೊಕ್ಕೊ ಚೆನ್ನಾಗಿ ಆಡುತ್ತಾರೆ. ಆದರೆ ಎಷ್ಟೋ ಮಕ್ಕಳು ಕಾಲೇಜು ಸೇರುವವರೆಗೆ ಬಾಸ್ಕೆಟ್‌ಬಾಲ್ ಮುಟ್ಟಿರುವುದಿಲ್ಲ. ಗುತ್ತ ಅರಸರ ರಾಜಧಾನಿಯಾಗಿದ್ದ ಊರು ನಿಮ್ಮದು. ಅವರ ಆಶ್ರಯ ಪಡೆದ ಚೌಡದಾನಪುರದ ಮುಕ್ತೇಶ್ವರ ಗುಡಿ ತುಂಗಭದ್ರೆಯ ದಂಡೆಯ ಮೇಲೆ ಇವತ್ತಿಗೂ ನಿಂತಿದೆ. ಅಂಥದ್ದನ್ನು ಕಟ್ಟಿದ ನೆಲದವರು ಒಂದು ಕಂಬ ನಿಲ್ಲಿಸಲಾರಿರಾ? ಮೆಕ್ಯಾನಿಕಲ್‌ನವರು ಕಂಬದ ಲೆಕ್ಕ ಹಾಕಲಿ, ಸಿವಿಲ್‌ನವರು ಪಾಯ ನೋಡಿಕೊಳ್ಳಲಿ, ವೆಲ್ಡಿಂಗ್‌ಗೆ ಊರಿನ ವರ್ಕ್‌ಶಾಪ್ ಇದೆ. ಬೋರ್ಡು 1.80 ಮೀಟರ್ ಅಗಲ, 1.05 ಮೀಟರ್ ಎತ್ತರ. ಅದರ ಕೆಳ ಅಂಚು ನೆಲದಿಂದ 2.90 ಮೀಟರ್, ರಿಂಗ್ 3.05. ಪೂರ್ತಿ ಅಂಕಣಕ್ಕೆ 28 ಮೀಟರ್ ಉದ್ದ, 15 ಮೀಟರ್ ಅಗಲ ಬೇಕು. ಅಷ್ಟು ಜಾಗ ಇಲ್ಲವೇ? ಟೋಕಿಯೊ ಒಲಿಂಪಿಕ್ಸ್‌ಗೆ ಸೇರಿದ ಮೂರು-ಮೂರರ ಆಟ ಆಡಿ. ಅದಕ್ಕೆ ಒಂದೇ ರಿಂಗ್, 15 ಮೀಟರ್ ಅಗಲ, 11 ಮೀಟರ್ ಉದ್ದದ ಗಟ್ಟಿ ನೆಲ, ತಂಡಕ್ಕೆ ಮೂವರು ಮತ್ತು ಒಬ್ಬ ಬದಲಿ ಸಾಕು. ಹತ್ತು ನಿಮಿಷ, ಅದರೊಳಗೆ ಮೊದಲು 21 ಮುಟ್ಟಿದವರು ಗೆದ್ದರು. ಹಳ್ಳಿಗಳಲ್ಲಾದರೆ ಶಾಲೆಯ ಆಟದ ಮೈದಾನ ಮಾಡಿಸಿಕೊಡಿ ಎಂದು ಕೇಳಿ. ಅರ್ಜಿ ಬರೆದು ಗ್ರಾಮ ಪಂಚಾಯಿತಿಗೆ ಕೊಡಿ. ಗುತ್ತಲದಲ್ಲಿ ಪಟ್ಟಣ ಪಂಚಾಯಿತಿಯವರನ್ನು ಕಾಣಿ, ಶಾಲೆಯ ಹೆಡ್‌ಮಾಸ್ತರರನ್ನು ಕಾಣಿ. ನಕ್ಷೆಯನ್ನು ನೀವೇ ಬರೆದು, ಅಳತೆ ಹಾಕಿ, ಖರ್ಚಿನ ಅಂದಾಜು ಸಮೇತ ಒಯ್ಯಿರಿ. ಈ ಸೆಮಿಸ್ಟರ್ ರಜೆಯಲ್ಲೇ ಒಯ್ಯಿರಿ.