ನೀರೂ ಹರಿಯುತ್ತದೆ, ಬಟ್ಟೆಯೂ ಹರಿಯುತ್ತದೆ

(ಮಹಿಳಾ ವಿಭಾಗದ ಸಭೆಯಲ್ಲಿ ಮಾಡಿದ ಭಾಷಣ)

"ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಇಷ್ಟು ವರ್ಷ ಏನು ಮಾಡಿದಿರಿ, ಅದನ್ನೇ ಹೇಳಿ" ಎಂದು ನಮ್ಮ ಕಾರ್ಯದರ್ಶಿಯವರು ಗಂಟುಬಿದ್ದರು. ಅಡುಗೆಮನೆಯಿಂದಲೇ ಶುರು ಮಾಡುತ್ತೇನೆ.

ಚಮಚದಿಂದ ಜೇನುತುಪ್ಪ ಇಳಿಬಿಟ್ಟರೆ ಎಳೆ ಸಣ್ಣಗಾಗುತ್ತಾ ಹೋಗುತ್ತದೆ. ಹೋಳಿಗೆಯ ಕಣಕ ಹಾಗಲ್ಲ. ಚೆನ್ನಾಗಿ ನಾದಿ, ಎಣ್ಣೆ ಹಾಕಿ ನೆನೆಸಿದ್ದನ್ನು ಮೆಲ್ಲಗೆ ಎಳೆದರೆ ಹಾಳೆಯಂತೆ ಬರುತ್ತದೆ. ಅವಸರದಲ್ಲಿ ಜಗ್ಗಿದರೆ ಪಟ್ಟನೆ ಹರಿಯುತ್ತದೆ. ಕರಗಿದ ಪ್ಲಾಸ್ಟಿಕ್ಕೂ ಹೀಗೆಯೇ. ಅದರ ಅಣುಗಳು ಉದ್ದುದ್ದ ಸರಪಳಿಗಳು, ಬೆಂದ ಶಾವಿಗೆಯಂತೆ ಸಿಕ್ಕಿಕೊಂಡಿರುತ್ತವೆ. ನಿಧಾನಕ್ಕೆ ಎಳೆದರೆ ಸಿಕ್ಕು ಬಿಡಿಸಿಕೊಂಡು ನೀರಿನಂತೆ ಹರಿಯುತ್ತವೆ. ಬಿಡಿಸಿಕೊಳ್ಳಲು ಪುರುಸೊತ್ತು ಕೊಡದಿದ್ದರೆ ಬಟ್ಟೆಯಂತೆ ಹರಿಯುತ್ತವೆ. ಎರಡಕ್ಕೂ ನಾವು ಈಗ ಆಡುವುದು ಒಂದೇ ಪದ!

1906ರಲ್ಲಿ ಫ್ರೆಡರಿಕ್ ಟ್ರೌಟನ್ ಎಂಬ ವಿಜ್ಞಾನಿ, ಟಾರಿನಂಥ ಪಿಚ್ಚನ್ನು ಎಳೆದು ನೋಡಿ ಒಂದು ಲೆಕ್ಕ ಕೊಟ್ಟ. ಸಾಧಾರಣ ದ್ರವವೊಂದು ಪದರ ಪದರವಾಗಿ ಜಾರುವಾಗ ತೋರುವ ಸ್ನಿಗ್ಧತೆಯ ಮೂರರಷ್ಟನ್ನು ಎಳೆದಾಗ ತೋರುತ್ತದೆ. ಕರಗಿದ ಪ್ಲಾಸ್ಟಿಕ್ ಮಾತ್ರ ಈ ಮೂರಕ್ಕೆ ನಿಲ್ಲಬೇಕೆಂದಿಲ್ಲ.

ಪುಣೆಯಲ್ಲಿ ನಾನು ಕೆಲಸಕ್ಕಿದ್ದುದು ಹಾಲಿನ ಪ್ಯಾಕೆಟ್ಟಿನ ಫಿಲ್ಮ್ ಮಾಡುವ ಕಡೆ, ಕ್ವಾಲಿಟಿ ವಿಭಾಗದಲ್ಲಿ. ಕರಗಿದ ಪಾಲಿಥೀನ್ ಉಂಗುರದಂಥ ಸಂದಿನಿಂದ ಮೇಲೇಳುತ್ತದೆ. ಒಳಗೆ ಗಾಳಿ ತುಂಬಿ ಬಲೂನಿನಂತೆ ಉಬ್ಬಿಸಿ, ಮೇಲಿನ ರೋಲರುಗಳಿಂದ ಎಳೆಯುತ್ತಾರೆ. ಇದಕ್ಕೆ ಎರಡು ಬಗೆಯ ಕಾಳು ಬೆರೆಸುತ್ತಾರೆ. ಎಲ್‌ಡಿಯ ಸರಪಳಿಗಳಿಗೆ ಉದ್ದನೆಯ ಕೊಂಬೆಗಳಿವೆ. ಎಳೆದಾಗ ಕೊಂಬೆಗೆ ಕೊಂಬೆ ಸಿಕ್ಕಿ ಗಟ್ಟಿಯಾಗುತ್ತದೆ. ಎಲ್ಲಿ ತೆಳುವಾಯಿತೋ ಅಲ್ಲೇ ಬಿಗಿಯುತ್ತದೆ, ಪಕ್ಕದ ದಪ್ಪ ಭಾಗ ಎಳೆತಕ್ಕೆ ಬರುತ್ತದೆ; ಹಾಗಾಗಿ ಬಲೂನು ಒಡೆಯುವುದಿಲ್ಲ. ಎಲ್‌ಎಲ್‌ಡಿಗೆ ಮೋಟು ಕೊಂಬೆಗಳು. ಅದರ ಫಿಲ್ಮ್ ಸುಲಭಕ್ಕೆ ತೂತಾಗುವುದಿಲ್ಲ, ಆದರೆ ಕರಗಿದಾಗ ತೆಳುವಾದ ಕಡೆಯೇ ಇನ್ನೂ ತೆಳುವಾಗುತ್ತದೆ.

ಒಂದು ರಾತ್ರಿ ಪಾಳಿಯಲ್ಲಿ ಬಲೂನು ಮತ್ತೆ ಮತ್ತೆ ಒಡೆಯಿತು. ಯಂತ್ರ ನಡೆಸುತ್ತಿದ್ದವರು ಸಾಂಗ್ಲಿ ಕಡೆಯ ಹಿರಿಯರು. "ಮ್ಯಾಡಮ್, ಹಾ ಮಾಲ್ ತಾಣ್ ಘೇತ್ ನಾಹೀ" ಎಂದರು. ಈ ಮಾಲು ಎಳೆತ ತಡೆಯುತ್ತಿಲ್ಲ ಎಂದು. ನಾನು ಲ್ಯಾಬಿಗೆ ಹೋಗಿ ಮೆಲ್ಟ್ ಫ್ಲೋ ನೋಡಿದೆ: 190 ಡಿಗ್ರಿ, 2.16 ಕಿಲೋ ತೂಕ, ಅಂಕಿ ಸರಿಯಾಗಿತ್ತು. "ಮಾಲು ಸರಿಯಿದೆ, ಆಪರೇಟರನ ಅಜಾಗರೂಕತೆ" ಎಂದು ಬರೆದು ಸಹಿ ಹಾಕಿದೆ. ಅವರ ಎರಡು ದಿನದ ಸಂಬಳ ಹೋಯಿತು.

ಆ ಪರೀಕ್ಷೆ ಸಣ್ಣ ತೂತಿನಿಂದ ಮಾಲು ಎಷ್ಟು ಇಳಿಯುತ್ತದೆ ಎಂದಷ್ಟೇ ಹೇಳುತ್ತದೆ. ಎಳೆದರೆ ಏನಾಗುತ್ತದೆ ಎಂದು ಹೇಳುವುದಿಲ್ಲ. ಅಂಕಿ ಒಂದೇ ಇದ್ದ ಎರಡು ಮಾಲು ಎಳೆದಾಗ ಬೇರೆ ಬೇರೆಯಾಗಿ ವರ್ತಿಸಬಹುದು. ಇದು ನನಗೆ ಪುಸ್ತಕದಲ್ಲಿ ಗೊತ್ತಿತ್ತು, ರಾತ್ರಿ ಎರಡು ಗಂಟೆಗೆ ನೆನಪಾಗಲಿಲ್ಲ. ಅಥವಾ ಅವರ ಮಾತಿಗಿಂತ ನನ್ನ ಅಂಕಿ ದೊಡ್ಡದೆನಿಸಿತು.

ವಾರದ ನಂತರ ಸ್ಟಾಕ್ ಲೆಕ್ಕದಲ್ಲಿ ಎಲ್‌ಡಿ ಚೀಲಗಳು ಹೆಚ್ಚಿಗೆ ಉಳಿದಿದ್ದವು. ಮಿಶ್ರಣದಲ್ಲಿ ಅದನ್ನು ಹಾಕಿರಲೇ ಇಲ್ಲ! ನನ್ನ ವರದಿ ತಪ್ಪೆಂದು ನಾನೇ ಬರೆದುಕೊಟ್ಟೆ. ಮ್ಯಾನೇಜರರು ಬೈದರು, ಸಂಬಳ ಮರಳಿತು.

ಅವರಲ್ಲಿ ಕ್ಷಮೆ ಕೇಳಲು ಹೋದಾಗ ಅವರು ಏನೂ ಹೇಳಲಿಲ್ಲ. ಡೈ ಬಾಯಲ್ಲಿದ್ದ ಬಿಸಿ ಮಾಲಿಗೆ ಹಿತ್ತಾಳೆ ಕಡ್ಡಿ ತಾಗಿಸಿ ಉದ್ದಕ್ಕೆ ಎಳೆದು ತೋರಿಸಿ, ಕಡ್ಡಿಯನ್ನು ನನ್ನ ಕೈಗೆ ಕೊಟ್ಟರು.